ಅಬ್ರಹಾಮನೂ ಅತ್ತಿದ್ದ

(ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಿಗಾಗಿ ನವೆಂಬರ್ ತಿಂಗಳಲ್ಲಿ ವಿರಾಜಪೇಟೆಯಲ್ಲಿ ಕರೆದಿದ್ದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಪೂಜ್ಯ ಫಾದರ್ ಅವರೇ, ಸಿಸ್ಟರ್ ಅವರೇ, ಅಕ್ಕಂದಿರೇ, ಅಣ್ಣಂದಿರೇ,

ಇಲ್ಲಿ ಕೂತಿರುವ ಹೆಚ್ಚಿನವರು ಜೊತೆಗಿದ್ದವರನ್ನು ಮಣ್ಣು ಮಾಡಿ ಬಂದವರು. ಕೆಲವರಿಗೆ ಈ ಮಳೆಗಾಲದಲ್ಲೇ ಆಗಿದೆ. ಕೆಲವರಿಗೆ ಹತ್ತು ಹದಿನೈದು ವರ್ಷ ಕಳೆದಿದೆ. ನಿಮಗೆಲ್ಲ ಒಂದು ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. "ಅಳಬೇಡಿ, ನೀವು ನಂಬಿಕೆ ಇರುವವರು. ಅವರು ದೇವರ ಹತ್ತಿರ ಸುಖವಾಗಿದ್ದಾರೆ." ಹೇಳುವವರ ಮನಸ್ಸು ಒಳ್ಳೆಯದೇ. ಸಾವಿನ ಮನೆಯಲ್ಲಿ ಏನಾದರೂ ಹೇಳಲೇಬೇಕಲ್ಲ ಅಂತ ಹೇಳುತ್ತಾರೆ. ಆದರೆ ಆ ಮಾತು ಬೈಬಲ್‌ನಲ್ಲಿ ಇಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದರಲ್ಲಿ ಮೊದಲನೆಯದು ಇದೇ.

ಬೈಬಲ್‌ನಲ್ಲಿ ಒಬ್ಬ ಗಂಡ ತನ್ನ ಹೆಂಡತಿಗಾಗಿ ಅತ್ತ ಅಂತ ಮೊದಲು ಓದುವುದು ಎಲ್ಲಿ ಗೊತ್ತಾ? ಆದಿಕಾಂಡದ 23ನೇ ಅಧ್ಯಾಯದಲ್ಲಿ. ಸಾರಾ 127 ವರ್ಷ ಬದುಕಿ ಹೆಬ್ರೋನಿನಲ್ಲಿ ತೀರಿಕೊಳ್ಳುತ್ತಾಳೆ. ಅಬ್ರಹಾಮ ಬಂದು ಗೋಳಾಡಿ ಅಳುತ್ತಾನೆ. ಇವನು ಯಾರು? ವಿಶ್ವಾಸಿಗಳ ತಂದೆ ಅಂತ ನಾವು ಕರೆಯುವ ಮನುಷ್ಯ. ದೇವರು ಹೇಳಿದ ಅಂತ ಊರು, ಬಂಧುಬಳಗ ಬಿಟ್ಟು ಹೊರಟವನು. ಅವನಿಗಿಂತ ದೊಡ್ಡ ನಂಬಿಕೆ ಯಾರಿಗಿತ್ತು? ಅವನೇ ಅತ್ತ. ಪಕ್ಕದಲ್ಲಿ ನಿಂತು "ಅಳಬೇಡ" ಅಂತ ದೇವರು ಹೇಳಲಿಲ್ಲ.

ಆ ಅಧ್ಯಾಯದಲ್ಲಿ ಅಳುವುದಕ್ಕೆ ಒಂದೇ ಸಾಲು. ಉಳಿದದ್ದೆಲ್ಲ ಜಾಗದ ವ್ಯಾಪಾರ. ನನಗೆ ಇದು ಮೊದಲು ಬೇಜಾರಿನ ಭಾಗ ಅನ್ನಿಸುತ್ತಿತ್ತು. ಈಗ ಅದನ್ನೇ ಜಾಸ್ತಿ ಓದುತ್ತೇನೆ. ಅಬ್ರಹಾಮ ಹೆಣದ ಮುಂದಿನಿಂದ ಎದ್ದು ಆ ಊರಿನ ಹಿತ್ತಿಯರ ಹತ್ತಿರ ಹೋಗುತ್ತಾನೆ. "ನಾನು ನಿಮ್ಮ ನಡುವೆ ಪರದೇಶಿ. ನನ್ನವಳನ್ನು ಹೂಳಲು ಒಂದು ಜಾಗ ಕೊಡಿ" ಅನ್ನುತ್ತಾನೆ. ಜಾಗದ ಒಡೆಯ ಎಫ್ರೋನ ಮೊದಲು "ಸುಮ್ನೆ ತಗೊಳ್ಳಿ" ಅನ್ನುತ್ತಾನೆ. ಆಮೇಲೆ ಮೆಲ್ಲಗೆ 400 ಶೆಕೆಲ್ ಬೆಳ್ಳಿಯ ಮಾತು ಎತ್ತುತ್ತಾನೆ. ಅಬ್ರಹಾಮ ಚೌಕಾಸಿ ಮಾಡುವುದಿಲ್ಲ. ಊರವರ ಎದುರೇ ಬೆಳ್ಳಿ ತೂಗಿ ಕೊಡುತ್ತಾನೆ. ಮಕ್ಪೇಲದ ಗವಿ, ಅದರ ಹೊಲ, ಹೊಲದ ಮರಗಳು ಎಲ್ಲ ಅವನ ಹೆಸರಿಗೆ ಆಗುತ್ತವೆ. ಇಡೀ ದೇಶವನ್ನೇ ಕೊಡುತ್ತೇನೆ ಅಂತ ದೇವರು ಮಾತು ಕೊಟ್ಟಿದ್ದ. ಆದರೂ ಆ ದೇಶದಲ್ಲಿ ಅಬ್ರಹಾಮ ದುಡ್ಡು ಕೊಟ್ಟು ಕೊಂಡ ನೆಲ ಅಂತ ಆ ಕಥೆಯಲ್ಲಿ ಬರುವುದು ಹೆಂಡತಿಯ ಸಮಾಧಿಯ ಜಾಗ.

ಕೊಡಗಿನ ನಮಗೆ ಇದು ಅರ್ಥವಾಗುತ್ತದೆ, ಅಲ್ವಾ? ಇಲ್ಲಿರುವ ಕ್ರೈಸ್ತರಲ್ಲಿ ಹೆಚ್ಚಿನವರು ಎಲ್ಲಿಂದಲೋ ಬಂದವರು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕಥೆ 1792ರಿಂದ ಶುರುವಾಗುತ್ತದೆ. ಟಿಪ್ಪುವಿನ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಅರಸ ಆಶ್ರಯ ಕೊಟ್ಟ. ಆಮೇಲೆ ಕಾಫಿ ತೋಟಗಳ ಕೆಲಸಕ್ಕೆ ಘಟ್ಟ ಹತ್ತಿ ಮಂಗಳೂರು ಕಡೆಯವರು ಬಂದರು. ಕೇರಳದಿಂದ, ತಮಿಳು ಸೀಮೆಯಿಂದಲೂ ಬಂದರು. ನಮ್ಮ ಮನೆಯವರ ಅಜ್ಜ ಹಾಗೆ ಬಂದವರು, ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸಕ್ಕೆ. ಬಂದ ಊರು ನಮ್ಮ ಊರಾಗುವುದು ಯಾವಾಗ? ಮನೆ ಕಟ್ಟಿದಾಗ ಅಂತ ನಾನೂ ತಿಳಿದಿದ್ದೆ. ಈಗ ಕೇಳಿದರೆ, ನಮ್ಮವರೊಬ್ಬರನ್ನು ಅದರ ಮಣ್ಣಿಗೆ ಕೊಟ್ಟಾಗ ಅನ್ನುತ್ತೇನೆ.

ಆ ಅರಸನ ಹೆಸರು ಬಂತಲ್ಲ, ಅವನದೂ ಒಂದು ಕಥೆ ಇದೆ. ನಿಮ್ಮಲ್ಲಿ ಹಲವರು ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ನೋಡಿರುತ್ತೀರಿ. ಅಂಗಳದಲ್ಲಿ ಒಂದು ಚಿಕ್ಕ ಮಂಟಪ ಇದೆ. 1796ರಲ್ಲಿ ದೊಡ್ಡವೀರರಾಜೇಂದ್ರನಿಗೂ ಮಹಾದೇವಮ್ಮಾಜಿಗೂ ಮದುವೆಯಾದದ್ದು ಅಲ್ಲಿ. ರಾಣಿ 1807ರಲ್ಲಿ ತೀರಿಕೊಂಡಳು. ಆಮೇಲೆ ಅರಸನ ಮನಸ್ಸು ಮೊದಲಿನ ಹಾಗೆ ಆಗಲೇ ಇಲ್ಲ ಅಂತ ಕೊಡಗಿನ ಚರಿತ್ರೆ ಬರೆದವರು ಹೇಳುತ್ತಾರೆ. ಯಾರನ್ನು ನೋಡಿದರೂ ಸಂಶಯ. ಆ ಸಂಶಯದಲ್ಲಿ ಎಷ್ಟೋ ಜನರ ಜೀವ ತೆಗೆಸಿದ. 1809ರಲ್ಲಿ ತಾನೂ ಹೋದ. ಮಡಿಕೇರಿಯ ಗದ್ದಿಗೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟಿದ್ದಾರೆ.

ನಮ್ಮ ಹಿರಿಯರಿಗೆ ಆಶ್ರಯ ಕೊಟ್ಟ ಅರಸ ಅವನು. ಅವನನ್ನು ತೂಗಿ ನೋಡಲು ನಾನು ಈ ಕಥೆ ಹೇಳುತ್ತಿಲ್ಲ. ಗದ್ದಿಗೆಗೆ ಹೋದಾಗ ನನಗೆ ಒಂದೇ ಯೋಚನೆ ಬರುತ್ತದೆ. ಅಷ್ಟು ದೊಡ್ಡ ಅರಮನೆಯಲ್ಲಿ ಅವನ ಪಕ್ಕ ಕೂರುವ ಧೈರ್ಯ ಯಾರಿಗಿತ್ತು? ಅರಸ ಅತ್ತರೆ ನೋಡಬಾರದು. ಅರಸನಿಗೆ ಸಮಾಧಾನ ಹೇಳಬಾರದು. ದುಃಖ ಒಳಗೇ ಉಳಿದರೆ ಎಂಥ ಗಟ್ಟಿ ಮನುಷ್ಯನನ್ನೂ ಕೆಡಿಸುತ್ತದೆ. ನಮ್ಮಲ್ಲಿ ಗಂಡಸರು ಹೆಂಡತಿ ತೀರಿದ ಮೇಲೆ ಹೀಗೇ ಆಗುವುದನ್ನು ನಾನು ನೋಡಿದ್ದೇನೆ. ಯಾರ ಹತ್ತಿರವೂ ಮಾತಿಲ್ಲ. ಭಾನುವಾರ ಚರ್ಚಿನ ಹಿಂದಿನ ಬೆಂಚು. ಸ್ವಲ್ಪ ದಿನ ಕಳೆದ ಮೇಲೆ ಆ ಬೆಂಚೂ ಖಾಲಿ. ಅಣ್ಣಂದಿರೇ, ನಿಮಗೆ ವಿಶೇಷವಾಗಿ ಹೇಳುತ್ತೇನೆ. ಅಬ್ರಹಾಮ ಗಂಡಸು. ಯಕೋಬನೂ ಗಂಡಸು.

ಯಕೋಬನ ವಿಷಯ ಹೇಳಿಬಿಡುತ್ತೇನೆ. ಅವನು ಅಬ್ರಹಾಮನ ಮೊಮ್ಮಗ. ಅವನ ಹೆಂಡತಿ ರಾಖೇಲ ಬೆನ್ಯಾಮೀನನನ್ನು ಹೆರುವಾಗ ದಾರಿಯಲ್ಲೇ ತೀರಿಕೊಂಡಳು. ಅವಳ ಸಮಾಧಿಯ ಮೇಲೆ ಯಕೋಬ ಒಂದು ಕಂಬ ನಿಲ್ಲಿಸಿದ. ಆ ಮಗು ಬೆಳೆದು ದೊಡ್ಡವನಾಯಿತು. ಬರ ಬಂತು. ಮನೆಯವರೆಲ್ಲ ಈಜಿಪ್ಟಿಗೆ ಹೋದರು. ಮುದುಕ ಯಕೋಬ ಹಾಸಿಗೆ ಹಿಡಿದ. ಮಗ ಯೋಸೇಫ ತನ್ನ ಇಬ್ಬರು ಮಕ್ಕಳನ್ನು ಅಜ್ಜನ ಆಶೀರ್ವಾದಕ್ಕೆ ಕರೆದುಕೊಂಡು ಬಂದ. ಅಲ್ಲಿ ನಡೆಯುತ್ತಿರುವುದು ಆಸ್ತಿ, ಪಾಲು, ಮೊಮ್ಮಕ್ಕಳ ಮಾತು. ನಡುವೆ ಯಾರೂ ಕೇಳದೆ ಯಕೋಬ ಹೇಳುತ್ತಾನೆ: ರಾಖೇಲ ನನ್ನ ಕಣ್ಣೆದುರೇ ದಾರಿಯಲ್ಲಿ ಸತ್ತಳು, ಅಲ್ಲೇ ಎಫ್ರಾತದ ದಾರಿಯಲ್ಲಿ ಹೂಳಿದೆ. ಅಷ್ಟೇ. ಮತ್ತೆ ಮಕ್ಕಳ ಮಾತಿಗೆ ಬರುತ್ತಾನೆ. ಎಷ್ಟೋ ವರ್ಷ ಕಳೆದಿದ್ದರೂ ಅದು ಒಳಗೆ ಹಾಗೇ ಇತ್ತು. ಇದನ್ನು ಓದಿದ ಮೇಲೆ "ಇನ್ನೂ ಎಷ್ಟು ದಿನ ಅದನ್ನೇ ಹೇಳ್ತೀರಿ" ಅಂತ ಯಾರಾದರೂ ಕೇಳಿದರೆ ನನಗೆ ನೋವಾಗುವುದಿಲ್ಲ. ಯಕೋಬ ಸಾಯುವವರೆಗೂ ಹೇಳಿದ.

ಹಾಗಾದರೆ "ಅಳಬೇಡಿ" ಅನ್ನುವುದು ಎಲ್ಲಿಂದ ಬಂತು? ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಿಂದ ಅಂತ ಕೆಲವರು ಹೇಳುತ್ತಾರೆ. ತೆಗೆದು ಓದಿ. ದುಃಖಪಡಬೇಡಿ ಅಂತ ಹೇಳಿ ಪೌಲರು ಅಲ್ಲಿಗೆ ನಿಲ್ಲಿಸುವುದಿಲ್ಲ. ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾರೆ. ಅಂದರೆ ದುಃಖವೂ ಇರಲಿ, ನಿರೀಕ್ಷೆಯೂ ಇರಲಿ. ಯೇಸುಸ್ವಾಮಿ ಲಾಸರನ ಸಮಾಧಿಯ ಹತ್ತಿರ ಅತ್ತದ್ದು ಯಾವಾಗ? ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ತಿಳಿದಿದ್ದಾಗಲೇ. ಎದ್ದು ಬರುತ್ತಾನೆ ಅಂತ ಗೊತ್ತಿದ್ದವರಿಗೇ ಕಣ್ಣೀರು ಬಂತು. ನಮಗೆ ಬಂದರೆ ತಪ್ಪಾ?

ಈಗ ನನ್ನ ಮನೆಯ ವಿಷಯ. ಹೇಳದೆ ಇದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ.

ನಾನು ಸಿದ್ದಾಪುರದ ಕಡೆ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮ ಮನೆಯವರು ತೋಟದಲ್ಲಿ ರೈಟರ್. ನಲವತ್ತು ವರ್ಷ ದಾಟಿದ ಸಂಸಾರ. ಹಣ್ಣು ಕೊಯ್ಯುವ ಕಾಲದಲ್ಲಿ, ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವಾಗ ರೋಬಸ್ಟಾ, ಅವರು ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಕೆಲಸದವರ ಹಾಜರಿಯ ಚೆಕ್‌ರೋಲ್ ಬರೆದು, ಹಣ್ಣಿನ ಲೆಕ್ಕ ಮುಗಿಸಿ ಬರಬೇಕಿತ್ತು. ಬಂದು ಬಿಸಿನೀರು ಹಾಕಿಕೊಂಡ ಮೇಲೆ ಜಪಸರ. ಕರೆಂಟು ಇದ್ದರೂ ಇಲ್ಲದಿದ್ದರೂ. ಜೂನ್ ಜುಲೈಯಲ್ಲಿ ನಮ್ಮ ಕಡೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ ಅಂತ ನಿಮಗೆ ಗೊತ್ತಲ್ಲ. ದೀಪ ಹಚ್ಚಿ ಕೂರುತ್ತಿದ್ದೆವು. ಮಕ್ಕಳು ಚಿಕ್ಕವರಿದ್ದಾಗ ನಾಲ್ಕು ಜನ. ಅವರು ಓದಲು, ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ.

ಜಪಸರವನ್ನು ನಾವು ಎರಡು ಪಾಲು ಮಾಡಿ ಹೇಳುತ್ತೇವೆ. ಒಬ್ಬರು "ನಮೋ ಮರಿಯಾ" ಅಂತ ಶುರು ಮಾಡಿ ಅರ್ಧ ಹೇಳುತ್ತಾರೆ. ಉಳಿದವರು "ಸಂತ ಮರಿಯಾ" ಅಂತ ಮಿಕ್ಕ ಅರ್ಧ ಮುಗಿಸುತ್ತಾರೆ. ಕನ್ನಡವಾಗಲಿ, ಕೊಂಕಣಿಯಾಗಲಿ, ಮಲಯಾಳವಾಗಲಿ, ತಮಿಳಾಗಲಿ, ಎಲ್ಲರ ಮನೆಯಲ್ಲೂ ಹೀಗೇ. ಒಂದು ಜಪಸರಕ್ಕೆ 53 ಸಲ. ಮೊದಲರ್ಧ ಅವರದು, ಎರಡನೆಯದು ನನ್ನದು. ಆ ಎರಡನೇ ಅರ್ಧದಲ್ಲೇ ಇದೆ ನೋಡಿ, "ನಮಗಾಗಿ ಈಗಲೂ, ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ" ಅಂತ. ದಿನಾ ಹೇಳುತ್ತಿದ್ದೆ. ಯಾರದು ಮೊದಲು ಅಂತ ಯೋಚಿಸದೆ ಹೇಳುತ್ತಿದ್ದೆ. ಆಮೇಲೆ ಅವರಿಗೆ ಕಾಯಿಲೆಯಾಯಿತು. ಮೈಸೂರಿನ ಆಸ್ಪತ್ರೆಗೆ ಓಡಾಟ. ಬಸ್ಸು ತಿತಿಮತಿ ದಾಟಿ ಆನೆಚೌಕೂರಿನ ಕಾಡು ಹೊಕ್ಕಾಗ ಅವರು ಜೇಬಿನಿಂದ ಜಪಮಣಿ ತೆಗೆಯುತ್ತಿದ್ದರು. ಸುತ್ತ ಜನ ಇರುತ್ತಾರಲ್ಲ, ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. ಅವರ ತುಟಿ ನಿಂತಾಗ ನಾನು ಶುರು ಮಾಡುತ್ತಿದ್ದೆ.

ಅವರು ತೀರಿಕೊಂಡದ್ದು ಮನೆಯಲ್ಲೇ, ಮಳೆಗಾಲದಲ್ಲಿ. ಫಾದರ್ ಬಂದು ರೋಗಿಗಳಿಗೆ ಪವಿತ್ರ ತೈಲ ಹಚ್ಚುವ ಅಭ್ಯಂಗ ಸಂಸ್ಕಾರ ಕೊಟ್ಟಿದ್ದರು. ನಮ್ಮ ಮನೆಯವರು ಪರಮಪ್ರಸಾದವನ್ನೂ ತೆಗೆದುಕೊಂಡಿದ್ದರು. ಕೊಡವರ ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ, ನಮ್ಮಲ್ಲಿ ಚರ್ಚಿನ ಗಂಟೆ. ಆ ಗಂಟೆ ಕೇಳಿ ಯಾರೆಲ್ಲ ಬಂದರು! ತೋಟದ ಕೆಲಸದವರ ಲೈನ್ ಮನೆಗಳವರು ಬಂದರು. ತೋಟದವರು ಬಂದರು. ಮಸೀದಿ ರಸ್ತೆಯ ಅಂಗಡಿಯವರು ಬಾಗಿಲು ಹಾಕಿ ಬಂದರು. ರಾತ್ರಿ ಇಡೀ ಹಾಡು, ಪ್ರಾರ್ಥನೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ತಿಂಗಳ ಪೂಜೆಯ ತನಕ ಮನೆ ತುಂಬ ಜನ.

ತಿಂಗಳ ಪೂಜೆ ಮುಗಿಯಿತು. ಮಕ್ಕಳು ರಜೆ ಮುಗಿಸಿ ಹೊರಟರು. ಆ ಸಂಜೆ ದೀಪ ಹಚ್ಚಿ ಕೂತೆ. ಇನ್ನು ಮೊದಲರ್ಧವನ್ನೂ ನಾನೇ ಹೇಳಬೇಕಲ್ಲ, ಹೇಳಿದೆ. ಹೇಳಿ ಸುಮ್ಮನಾದೆ. ಅಭ್ಯಾಸ. ಇನ್ನೊಬ್ಬರು ಮುಂದುವರಿಸಲಿ ಅಂತ ಗಂಟಲು ತಾನೇ ನಿಂತಿತು. ಮನೆಯಲ್ಲಿ ಮಳೆಯ ಸದ್ದು ಬಿಟ್ಟು ಏನೂ ಇಲ್ಲ. ಎರಡೂ ಪಾಲು ಒಬ್ಬಳೇ ಹೇಳಬಹುದಿತ್ತು, ಎಷ್ಟೋ ಜನ ಹೇಳುತ್ತಾರೆ. ನನ್ನಿಂದ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆಮೇಲೆ ಕೂರುವುದನ್ನೇ ಬಿಟ್ಟೆ.

ದೀರ್ಘ ಸಂಸಾರದಲ್ಲಿ ಹೋಗುವುದು ಏನು ಅಂತ ಆಗ ತಿಳಿಯಿತು. ಜನ ಹೋಗುತ್ತಾರೆ, ನಿಜ. ಅವರ ಜೊತೆಗೆ ನಮ್ಮ ಅರ್ಧ ನೆನಪೂ ಹೋಗುತ್ತದೆ. ಮೊದಲ ಮಗುವಿಗೆ ಜ್ವರ ಬಂದ ರಾತ್ರಿ ಜೀಪು ಕೊಟ್ಟವರು ಯಾರು? ಅವರಿಗೆ ನೆನಪಿತ್ತು. ಕಾಫಿ ಹೂವರಳಿಸುವ ಹೂಮಳೆ ಸರಿಯಾಗಿ ಬಾರದೆ ತೋಟದಲ್ಲಿ ಬೋನಸ್ ಸಿಗದ ವರ್ಷ ಯಾವುದು? ಅವರಿಗೆ ನೆನಪಿತ್ತು. ನಾನು ಹುಡುಗಿಯಾಗಿದ್ದಾಗ ಹೇಗೆ ನಗುತ್ತಿದ್ದೆ ಅಂತ ಈಗ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಕೇಳಿದರೆ ಹೇಳುವವರಿಲ್ಲ. ಪ್ರಾರ್ಥನೆ ಕೂಡ ಹಾಗೇ ಅರ್ಧ ಹೋಗಿತ್ತು. ನಂಬಿಕೆ ಹೋಗಿರಲಿಲ್ಲ. ಆದರೆ ಅದನ್ನು ಹೇಳಲು ಬೇಕಾದ ಎರಡನೇ ದನಿ ಹೋಗಿತ್ತು.

ಒಂದು ಸಂಜೆ ಪಕ್ಕದ ತೋಟದ ಹಿರಿಯಮ್ಮ ಒಬ್ಬರು ಬಂದರು. ಕೇರಳದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬ. ಅವರೂ ಗಂಡನನ್ನು ಕಳೆದುಕೊಂಡವರೇ. ಕೊಡೆ ಬಾಗಿಲಲ್ಲಿಟ್ಟು ಒಳಗೆ ಬಂದು ಕೂತರು. ಸಮಾಧಾನ ಹೇಳಲಿಲ್ಲ. ಬೈಬಲ್ ವಾಕ್ಯ ಹೇಳಲಿಲ್ಲ. "ಹೇಳು ಟೀಚರೇ" ಅಂದರು. ನಾನು ಕೊಂಕಣಿಯಲ್ಲಿ ಮೊದಲರ್ಧ ಹೇಳಿದೆ. ಅವರು ಮಲಯಾಳದಲ್ಲಿ ಎರಡನೆಯದನ್ನು ಹೇಳಿದರು. ಹಾಗೇ ಜಪಸರದ ಐದು ದಶಕ, ಹತ್ತು ಹತ್ತು ಮಣಿಯ ಐದು ಭಾಗ, ಮುಗಿಸಿದೆವು. ಮರುದಿನವೂ ಬಂದರು. ಮಳೆಗಾಲ ಮುಗಿಯುವ ತನಕ ಬಂದರು.

ಅಕ್ಕಂದಿರೇ, ಅಣ್ಣಂದಿರೇ, ವಿಶ್ವಾಸ ನನ್ನನ್ನು ಉಳಿಸಿತು ಅಂತ ನಾನು ಹೇಳುವುದು ಇದನ್ನೇ. ಒಳಗೆ ಏನೋ ಬೆಳಕು ಮೂಡಿತು, ಒಂದು ದರ್ಶನವಾಯಿತು ಅಂತ ನಾನು ಹೇಳಲಾರೆ. ಅಂಥ ಅನುಭವ ಆದವರು ಇದ್ದಾರೆ, ಅವರಿಗಾಗಿ ನನಗೆ ಸಂತೋಷ. ನನಗೆ ಆದದ್ದು ಬೇರೆ. ನನ್ನ ಕೈಯಲ್ಲಿ ಆಗದಿದ್ದಾಗ ನನ್ನ ಪ್ರಾರ್ಥನೆಯನ್ನು ಇನ್ನೊಬ್ಬರು ಹೊತ್ತರು. ಚರ್ಚು ಇರುವುದೇ ಇದಕ್ಕೆ ಅಂತ ನಾನು ನಂಬುತ್ತೇನೆ. ಪ್ರತಿ ಬಲಿಪೂಜೆಯಲ್ಲೂ ಒಂದು ಕಡೆ ತೀರಿಹೋದವರಿಗಾಗಿ ಪ್ರಾರ್ಥನೆ ಬರುತ್ತದೆ, ಗಮನಿಸಿದ್ದೀರಾ? ಒಂದು ಪೂಜೆಯಲ್ಲೂ ತಪ್ಪುವುದಿಲ್ಲ. ನಾನು ಮರೆತರೂ, ಹುಷಾರಿಲ್ಲದೆ ಮಲಗಿದರೂ, ಎಲ್ಲೋ ಒಂದು ಪೂಜೆಯಲ್ಲಿ ಅದನ್ನು ಹೇಳುತ್ತಿರುತ್ತಾರೆ. ನವೆಂಬರ್ 2ರಂದು ನಾವು ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವಲ್ಲ, ಆ ದಿನವನ್ನು ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಓಡಿಲೋ ತಮ್ಮ ಸನ್ಯಾಸಿಗಳಿಗಾಗಿ ಗೊತ್ತು ಮಾಡಿದರು. ಅಲ್ಲಿಂದ ಎಲ್ಲ ಕಡೆ ಹರಡಿತು. ಒಬ್ಬೊಬ್ಬರೇ ನೆನೆಯುವುದಕ್ಕಿಂತ ಊರೆಲ್ಲ ಸೇರಿ ನೆನೆಯಲಿ ಅಂತ.

ಹೇಳಬೇಕಾದ ಇನ್ನೊಂದು ಇದೆ. ನೆರೆಹೊರೆಯ ವಿಶ್ವಾಸ ಬೇರೆ ಇದ್ದರೂ ಅವರ ಕೈಯಿಂದಲೂ ದೇವರು ನನ್ನನ್ನು ಹಿಡಿದ. ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ ಕೊಡವರ ಮನೆಯ ಅಕ್ಕ ಒಬ್ಬರು ಮದ್ದುಸೊಪ್ಪಿನ ಪಾಯಸ ತಂದುಕೊಟ್ಟು, ನಾನು ತಿನ್ನುವ ತನಕ ಎದುರಿಗೇ ಕೂತಿದ್ದರು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮಲ್ಲಿ ಹೊಸ ಅಕ್ಕಿಯ ಊಟ. ದೂರ ಇರುವ ಮಕ್ಕಳಿಗೂ ತೆನೆಯ ಪಾಲು ತೆಗೆದಿಡುತ್ತೇವೆ. ನಮ್ಮ ಮನೆಯವರ ಪಾಲು ಏನು ಮಾಡಲಿ ಅಂತ ನಾನು ನಿಂತಿದ್ದಾಗ ಆ ಅಕ್ಕನ ನೆನಪಾಯಿತು. ಅವರ ಮನೆಗೆ ಕೊಟ್ಟು ಬಂದೆ.

ಈಗ ಒಂದು ಕಷ್ಟದ ಪ್ರಶ್ನೆ. ಇದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಒಳಗೊಳಗೇ ಎಲ್ಲರೂ ಕೇಳಿಕೊಳ್ಳುತ್ತಾರೆ. ಪರಲೋಕದಲ್ಲಿ ಅವರು ನನಗೆ ಸಿಗುತ್ತಾರಾ? ಸಿಕ್ಕರೆ ನನ್ನವರಾಗಿ ಸಿಗುತ್ತಾರಾ? ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದಾರೆ, ಪುನರುತ್ಥಾನದಲ್ಲಿ ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲ ಅಂತ. ಪೂಜೆಯಲ್ಲಿ ಈ ಭಾಗ ಓದಿದ ದಿನ ನನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿತ್ತು. ಮದುವೆಯ ದಿನ ನಾವು ಕೊಟ್ಟ ಮಾತೂ ಸಾವಿನ ತನಕದ್ದೇ. ಅಲ್ಲಿಗೆ ಎಲ್ಲ ಮುಗಿಯಿತಾ?

ಆ ಅಧ್ಯಾಯವನ್ನು ಪೂರ್ತಿ ಓದಬೇಕು. ಪ್ರಶ್ನೆ ಕೇಳಿದವರು ಸದ್ದುಕಾಯರು. ಸತ್ತವರು ಏಳುತ್ತಾರೆ ಅನ್ನುವುದನ್ನೇ ಅವರು ನಂಬುತ್ತಿರಲಿಲ್ಲ. ಏಳು ಜನ ಅಣ್ಣತಮ್ಮಂದಿರು, ಒಬ್ಬರಾದ ಮೇಲೆ ಒಬ್ಬರು ಒಬ್ಬಳನ್ನೇ ಮದುವೆಯಾಗಿ ಸತ್ತರೆ ಅವಳು ಕಡೆಗೆ ಯಾರ ಹೆಂಡತಿ ಅಂತ ಕೇಳಿದರು. ಆ ಏಳು ಸಾವು ಕಂಡ ಹೆಂಗಸಿನ ದುಃಖ ಅವರ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಅವಳು ಯಾರ ಪಾಲು ಅನ್ನುವುದಷ್ಟೇ ಇದೆ. ಯೇಸು ಆ ಲೆಕ್ಕವನ್ನೇ ತಳ್ಳಿಹಾಕುತ್ತಾರೆ. ಆಮೇಲೆ ಹೇಳುವ ಮಾತು ನೋಡಿ: "ನಾನು ಅಬ್ರಹಾಮನ ದೇವರು, ಇಸಾಕನ ದೇವರು, ಯಕೋಬನ ದೇವರು" ಅಂತ ದೇವರು ಹೇಳಿದ್ದಾನೆ, ಅವನು ಜೀವಂತರ ದೇವರು, ಸತ್ತವರ ದೇವರಲ್ಲ. ಅಂದರೆ ಹೆಂಡತಿಗಾಗಿ ಗವಿ ಕೊಂಡ ಅಬ್ರಹಾಮ ಜೀವಂತ. ರಾಖೇಲಳ ಹೆಸರು ಬಿಡದ ಯಕೋಬ ಜೀವಂತ. ಹೆಸರು ಹೆಸರಾಗಿ ಜೀವಂತ. ಅಬ್ರಹಾಮ ಅಬ್ರಹಾಮನಾಗಿಯೇ ಉಳಿದಿದ್ದರೆ, ಸಾರಾಳ ಜೊತೆ ಕಳೆದ ಅಷ್ಟು ವರ್ಷ ಬಿಟ್ಟು ಅವನು ಅಬ್ರಹಾಮನಾಗುವುದು ಹೇಗೆ? ಹೀಗೆ ನಾನು ಅರ್ಥಮಾಡಿಕೊಂಡಿದ್ದೇನೆ. ಅಲ್ಲಿ ನಾವು ಹೇಗಿರುತ್ತೇವೆ ಅನ್ನುವುದನ್ನು ದೇವರ ಕೈಗೆ ಬಿಟ್ಟಿದ್ದೇನೆ. ಪ್ರೀತಿ ಎಂದಿಗೂ ಬಿದ್ದುಹೋಗುವುದಿಲ್ಲ ಅಂತ ಪೌಲರು ಬರೆದಿದ್ದಾರೆ. ನನಗೆ ಅಷ್ಟು ಸಾಕು.

ಇನ್ನು ವಿಧವೆಯರ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಗಂಡ ತೀರಿದ ಮೇಲೆ ಕರಿಮಣಿ ತೆಗೆ, ಹೂ ಮುಡಿಯಬೇಡ, ಮದುವೆಗೆ ಮೊದಲಿನ ರೋಸ್ ಶಾಸ್ತ್ರದ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಲು ಮುಂದೆ ಬರಬೇಡ. ಇದು ನಮ್ಮ ಎಷ್ಟೋ ಕ್ರೈಸ್ತ ಮನೆಗಳಲ್ಲೂ ಇದೆ. ಚರ್ಚಿನ ಯಾವ ನಿಯಮದಲ್ಲೂ ಇದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ತೆಗೆಯಿರಿ. ಜೆರುಸಲೇಮಿನ ಮೊದಲ ಸಭೆಯಲ್ಲಿ ಜಗಳ ಬಂದದ್ದು ಯಾತಕ್ಕೆ? ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟದಲ್ಲಿ ಸರಿಯಾಗಿ ಪಾಲು ಸಿಗುತ್ತಿಲ್ಲ ಅಂತ. ಪ್ರೇಷಿತರು ಇದು ಸಣ್ಣ ವಿಷಯ ಅನ್ನಲಿಲ್ಲ. ಎಲ್ಲರನ್ನೂ ಸೇರಿಸಿ ಏಳು ಜನರನ್ನು ಆರಿಸಿದರು. ಸಂತ ಸ್ತೇಫನ ಆ ಏಳರಲ್ಲಿ ಒಬ್ಬ. ಶಿಶು ಯೇಸುವನ್ನು ದೇವಾಲಯಕ್ಕೆ ತಂದಾಗ ಗುರುತಿಸಿ ಎಲ್ಲರಿಗೂ ಹೇಳಿದವಳು ಅನ್ನಾ. ಏಳು ವರ್ಷ ಸಂಸಾರ ಮಾಡಿ ಮುದುಕಿಯಾಗುವ ತನಕ ವಿಧವೆಯಾಗಿದ್ದವಳು. ಅವಳಿಗೆ ಹಿಂದೆ ನಿಲ್ಲು ಅಂತ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದು ಆನಂದಪುರದಲ್ಲಿ ಸಭೆ ಕಟ್ಟಿದರು. ಮಂಗಳೂರ ಸಮಾಚಾರ ಪತ್ರಿಕೆ ತಂದವರು ಅವರೇ. ಅವರ ಹೆಂಡತಿ ಪೌಲೀನ್, ಅವರ ಜೊತೆ ಕೆಲಸ ಮಾಡಿ ತೀರಿಹೋದ ವೈಗ್ಲೆಯವರ ವಿಧವೆ. ಮುಂದಿನ ರೋಸ್‌ಗೆ ನಮ್ಮ ಮನೆಯ ವಿಧವೆಯರನ್ನು ಹೆಸರು ಹಿಡಿದು ಮುಂದೆ ಕರೆಯಿರಿ. ನಲವತ್ತು ವರ್ಷ ಸಂಸಾರ ಉಳಿಸಿಕೊಂಡವಳ ಕೈ ಮದುಮಗಳ ತಲೆಯ ಮೇಲೆ ಬಿದ್ದರೆ ಅದು ಆಶೀರ್ವಾದ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಸಾವಿನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ತಡವಾದರೆ ಓಡಾಟ ಜಾಸ್ತಿ. ಮರಣ ಪತ್ರದ ಪ್ರತಿಗಳನ್ನು ಹೆಚ್ಚಾಗಿಯೇ ತೆಗೆದಿಡಿ. ಜಮೀನಿದ್ದರೆ ಪೌತಿ ಖಾತೆ ಮಾಡಿಸಬೇಕು. ಬ್ಯಾಂಕಿನಲ್ಲಿ ನಾಮಿನಿ ಯಾರು ಅಂತ ಈಗಲೇ, ಇಬ್ಬರೂ ಇರುವಾಗಲೇ ನೋಡಿ. ಅಳುತ್ತಾ ಕಚೇರಿಯ ಸಾಲಿನಲ್ಲಿ ನಿಲ್ಲುವುದು ಬಹಳ ಕಷ್ಟ. ವಾರ್ಡಿನ ಹುಡುಗರು ಜೊತೆಗೆ ಹೋದರೆ ಅದು ಜಪಸರದಷ್ಟೇ ದೊಡ್ಡ ಸೇವೆ.

ಮಕ್ಕಳು "ಅಮ್ಮಾ, ಇಲ್ಲಿಗೆ ಬಂದುಬಿಡಿ" ಅನ್ನುತ್ತಾರೆ. ಬೆಂಗಳೂರಿನಿಂದ, ದುಬೈಯಿಂದ. ಪ್ರೀತಿಯಿಂದಲೇ ಕರೆಯುತ್ತಾರೆ. ಹೋಗಬೇಕಾ ಬೇಡವಾ ಅಂತ ನಾನು ಹೇಳಲಾರೆ, ಅವರವರ ಮನೆ ಬೇರೆ. ಆದರೆ "ಅವರ ಸಮಾಧಿ ಬಿಟ್ಟು ಹೇಗೆ ಹೋಗಲಿ" ಅಂತ ಕೊರಗುವವರಿಗೆ ಸಂತ ಮೋನಿಕಾರ ವಿಷಯ ಹೇಳುತ್ತೇನೆ. ಆಫ್ರಿಕಾದ ತಮ್ಮ ಊರಿನಲ್ಲಿ ಗಂಡನ ಪಕ್ಕದಲ್ಲೇ ತಮಗೂ ಸಮಾಧಿ ಜಾಗ ಸಿದ್ಧ ಮಾಡಿಟ್ಟಿದ್ದರು. ಅಲ್ಲೇ ಮಲಗಬೇಕು ಅಂತ ಅವರಿಗೆ ಬಹಳ ಆಸೆ. ಆದರೆ 387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ಕಾಯಿಲೆ ಬಿದ್ದರು, ಊರಿಗೆ ಮರಳಲಾಗಲಿಲ್ಲ. ಕೊನೆಗೆ ಮಗ ಅಗಸ್ಟೀನ್ ಮತ್ತು ಅವನ ಸಹೋದರನಿಗೆ ಹೇಳಿದರು: ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಚಿಂತೆ ಮಾಡಬೇಡಿ, ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದ ಹತ್ತಿರ ನನ್ನನ್ನು ನೆನೆಯಿರಿ. ಸಮಾಧಿಯ ಹುಲ್ಲು ಕೀಳಲು ನೀವು ಇಲ್ಲದಿದ್ದರೆ ನಾವಿದ್ದೇವೆ. ಹೋಗುವವರು ಧೈರ್ಯವಾಗಿ ಹೋಗಿ.

ಕೊನೆಗೆ ಒಂದು ಬೇಡಿಕೆ. ಸಾವಾದ ದಿನ ಜನ ಬರುತ್ತಾರೆ. ತಿಂಗಳ ತನಕ ಬರುತ್ತಾರೆ. ಅದರ ಮರುದಿನದಿಂದಲೇ ಜನ ಬೇಕಾಗುವುದು. ಹೊರಗೆ ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಜೊತೆಗೆ ಕೂತು ಪ್ರಾರ್ಥಿಸಲು ಯಾರಾದರೂ ಬರಲಿ ಅನ್ನುವವರು ಎಡಗಡೆಯ ಪುಟದಲ್ಲಿ ಹೆಸರು, ಊರು, ಮನೆಯಲ್ಲಿ ಯಾವ ಭಾಷೆಯಲ್ಲಿ ಜಪಸರ ಹೇಳುತ್ತೀರಿ ಅಂತ ಬರೆಯಿರಿ. ಹೋಗಲು ತಯಾರಿರುವವರು ಬಲಗಡೆ ಬರೆಯಿರಿ. ಭಾಷೆ ಬೇರೆಯಾದರೂ ಪರವಾಗಿಲ್ಲ. ಎಡಗಡೆ ಬರೆದವರು ಮುಂದಿನ ವರ್ಷ ಬಲಗಡೆಗೂ ಬರಬಹುದು, ನಾನು ಹಾಗೇ ಬಂದವಳು. ಸಿದ್ದಾಪುರ, ಅಮ್ಮತ್ತಿ ಕಡೆ ಆನೆಗಳ ಕಾಟ ಇರುವುದರಿಂದ ಅಲ್ಲಿಗೆ ಹೋಗುವವರು ಐದು ಗಂಟೆಗೇ ಹೋಗಿ ಕತ್ತಲಾಗುವ ಮೊದಲು ಹಿಂತಿರುಗಬೇಕು. ಆ ಕಡೆಗೆ ಜೀಪು ಬೇಕಾಗುತ್ತದೆ. ಗಾಡಿ ಇರುವವರು ಅದನ್ನೂ ಹೆಸರಿನ ಪಕ್ಕದಲ್ಲಿ ಬರೆಯಿರಿ.